ಐದನೇ ಒಂದು ಪಾಲು ಜಾಸ್ತಿ

ಲೆಕ್ಕಪತ್ರ ವಿಭಾಗದ ಗುಮಾಸ್ತರು ನನ್ನ ಕಾಗದವನ್ನು ಎರಡು ಸಲ ಓದಿದರು. ಕನ್ನಡಕವನ್ನು ಹಣೆಗೇರಿಸಿ, "ಮೇಡಂ, ಹಣ ವಾಪಸ್ ಕಟ್ಟಿಸ್ಕೊಳ್ತೀನಿ, ಅದಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಈ ಮೇಲಿನ ಹಣ ಇದ್ಯಲ್ಲ, ಇದನ್ನ ಯಾವ ಬಾಬ್ತಿಗೆ ಹಾಕ್ಲಿ?" ಎಂದು ಕೇಳಿದರು.

ನನಗೂ ಗೊತ್ತಿರಲಿಲ್ಲ. ಮೋಶೆಯ ಧರ್ಮಶಾಸ್ತ್ರಕ್ಕೆ ಅವರ ಲೆಡ್ಜರಿನಲ್ಲಿ ಪುಟ ಇರಲಿಲ್ಲ.

ವಿಷಯ ಇಷ್ಟೇ. ಕೆಲಸದ ಮೇಲೆ ಹೊರಗೆ ಹೋದಾಗ ಪ್ರಯಾಣದ ಖರ್ಚನ್ನು ನಾವೇ ಬರೆದುಕೊಟ್ಟು ಪಡೆಯಬೇಕಿತ್ತು. ಸಣ್ಣ ಮೊತ್ತಕ್ಕೆ ರಸೀದಿ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗಿ ಟ್ಯಾಕ್ಸಿ ಎಂದು ಬರೆಯುವುದು ನಮ್ಮಲ್ಲಿ ರೂಢಿಯೇ ಆಗಿಹೋಗಿತ್ತು. ನಾನೂ ಬರೆದೆ. ಒಂದೆರಡು ಸಲವಲ್ಲ, ಹೆಚ್ಚುಕಡಿಮೆ ಎರಡು ವರ್ಷ. ಅದೇ ಎರಡು ವರ್ಷ ಭಾನುವಾರದ ಆರಾಧನೆಯಲ್ಲಿ ವಾಕ್ಯ ಓದುವ ಸರದಿ ನನಗೂ ಬರುತ್ತಿತ್ತು. ಓದುವಾಗ ಒಂದು ದಿನವೂ ಗಂಟಲು ಕಟ್ಟಲಿಲ್ಲ. ಈಗ ನೆನೆದರೆ ಬಿಲ್ಲಿಗಿಂತ ಇದೇ ಜಾಸ್ತಿ ಭಯ ಹುಟ್ಟಿಸುತ್ತದೆ.

ದೇವರ ಹತ್ತಿರ ಹೇಳಿಕೊಂಡಿರಲಿಲ್ಲ ಅಂತಲ್ಲ. ಎಷ್ಟೋ ರಾತ್ರಿ ಹೇಳಿಕೊಂಡಿದ್ದೆ. ಕ್ಷಮೆ ಸಿಕ್ಕಿತು ಅಂದುಕೊಂಡು ಮಲಗುತ್ತಿದ್ದೆ. ಮುಂದಿನ ತಿಂಗಳು ಮತ್ತೆ ಟ್ಯಾಕ್ಸಿ.

ಬೈಬಲಿನಲ್ಲಿ ಮೋಶೆಯ ಧರ್ಮಶಾಸ್ತ್ರದ ಭಾಗವಾದ ಯಾಜಕಕಾಂಡ ಓದುವವರು ಕಡಿಮೆ. ಬಲಿ, ಕೊಬ್ಬು, ರಕ್ತ ಅಂತ ಪುಟ ತಿರುಗಿಸಿಬಿಡುತ್ತೇವೆ. ವರ್ಷದೊಳಗೆ ಬೈಬಲ್ ಮುಗಿಸುವ ಹಟದಲ್ಲಿ ನಾನು ಆ ಸಲ ಬಿಡದೆ ಓದುತ್ತಿದ್ದೆ. 6ನೇ ಅಧ್ಯಾಯದ ಶುರುವಿಗೇ ಸಿಕ್ಕಿಬಿದ್ದೆ. ಮೋಸದಿಂದ ಪಡೆದದ್ದನ್ನು ಪೂರ್ತಿ ಹಿಂದಕ್ಕೆ ಕೊಡಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು, ಯಾರದ್ದೋ ಅವರ ಕೈಗೇ ಕೊಡಬೇಕು. ಆಮೇಲೆ ಟಗರು ಹಿಡಿದುಕೊಂಡು ಯಾಜಕನ ಹತ್ತಿರ ಹೋಗಬೇಕು. ಮನುಷ್ಯನ ಲೆಕ್ಕ ಮೊದಲು, ಯಜ್ಞವೇದಿ ಆಮೇಲೆ. ನಾನು ಎರಡು ವರ್ಷ ಮೊದಲನೆಯದನ್ನು ಹಾರಿಸಿ ಎರಡನೆಯದಕ್ಕೇ ಹೋಗುತ್ತಿದ್ದೆ.

ಹಳೇ ಡೈರಿಗಳನ್ನು ತೆಗೆದು ಕೂತೆ. ಯಾವ ದಿನ ಎಲ್ಲಿಗೆ ಹೋಗಿದ್ದೆ, ಎಷ್ಟು ಬರೆದುಕೊಟ್ಟಿದ್ದೆ. ನೆನಪಿದ್ದ ಕಡೆ ಸರಿಯಾದ ಲೆಕ್ಕ. ನೆನಪಿಲ್ಲದ ಕಡೆ ಕಳ್ಳಬಿಲ್ಲು ಅಂತಲೇ ಹಿಡಿದೆ. ಅನುಮಾನ ಬಂದಾಗ ನನ್ನ ವಿರುದ್ಧವೇ ತೀರ್ಪು ಕೊಟ್ಟರೆ ಲೆಕ್ಕ ಬೇಗ ಮುಗಿಯುತ್ತದೆ, ಇದು ಅವತ್ತು ಕಲಿತದ್ದು. ಕೊನೆಗೆ ಐದನೇ ಒಂದು ಪಾಲು ಸೇರಿಸಿದೆ. ಯೇಸು ಮನೆಗೆ ಬಂದಾಗ ಬದಲಾದ ಸುಂಕದವನು ಜಕ್ಕಾಯನ ನೆನಪಾಯಿತು. ತಾನಾಗಿ ಒಪ್ಪಿಕೊಂಡವನಿಗೆ ಧರ್ಮಶಾಸ್ತ್ರ ಕೇಳುತ್ತಿದ್ದದ್ದು ಇಷ್ಟೇ. ಆ ಸುಂಕದವನು ಮಾತ್ರ ನಾಲ್ಕರಷ್ಟು ಕೊಡ್ತೀನಿ ಅಂದ. ಅದು ಕುರಿ ಕದ್ದು ಕೊಯ್ದವನಿಗೆ ವಿಮೋಚನಕಾಂಡ ಹಾಕುವ ದಂಡ. ಅವನು ತನ್ನನ್ನು ಸೀದಾ ಕಳ್ಳರ ಸಾಲಿಗೆ ಸೇರಿಸಿಕೊಂಡ. ನಾನು ಅಷ್ಟು ದೊಡ್ಡವಳಲ್ಲ, ಐದನೇ ಒಂದಕ್ಕೇ ನಿಂತೆ.

ಹಣ ಕಟ್ಟುವುದು ಸುಲಭದ ಭಾಗ. ನಾನೊಬ್ಬಳು ವಾಪಸ್ ಕೊಟ್ಟರೆ ಉಳಿದವರ ಬಿಲ್ಲುಗಳೂ ಕಣ್ಣಿಗೆ ಬೀಳುತ್ತವಲ್ಲ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಾಗದದಲ್ಲಿ ನನ್ನ ವಿಷಯ ಬಿಟ್ಟು ಬೇರೆ ಒಂದಕ್ಷರ ಬರೆಯಲಿಲ್ಲ. ಕೇಳಿದಾಗಲೂ "ನನ್ನದು ಮಾತ್ರ ನನಗೆ ಗೊತ್ತು" ಅಂದೆ. ಆದರೂ ಮಧ್ಯಾಹ್ನ ಊಟಕ್ಕೆ ಕರೆಯುತ್ತಿದ್ದವರು ಕರೆಯುವುದನ್ನು ನಿಲ್ಲಿಸಿದರು. "ಸಂತಳಾಗಕ್ಕೆ ಹೊರಟಿದ್ದಾಳೆ" ಅನ್ನುವ ಮಾತು ಕಿವಿಗೆ ಬಿತ್ತು. ಸುಮಾರು ನಾಲ್ಕು ತಿಂಗಳು ಒಬ್ಬಳೇ ಉಂಡೆ. ಅವರ ಕೋಪ ಪೂರ್ತಿ ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ. ಎರಡು ವರ್ಷ ಜೊತೆಯಲ್ಲಿ ನಕ್ಕುಕೊಂಡು ಬರೆದವಳು ಒಂದು ಬೆಳಿಗ್ಗೆ ಹೇಳದೆ ಕೇಳದೆ ಆಚೆ ದಡಕ್ಕೆ ಹೋಗಿಬಿಟ್ಟೆ. ಕಟ್ಟುವ ಮೊದಲು ಅವರಿಗೊಂದು ಮಾತು ಹೇಳಬಹುದಿತ್ತು.

ಮೇಲಿನ ಹಣವನ್ನು ಗುಮಾಸ್ತರು ಕೊನೆಗೆ 'ಇತರೆ ಜಮೆ'ಗೆ ಹಾಕಿದರು.

ಬಿಲ್ಲಿನ ಕೆಲಸ ಮುಗಿದ ಮೇಲೆ ನಾನು ಸರಿಹೋದೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಎಷ್ಟು ಸುಳ್ಳು ಅಂತ ತೋರಿಸಿದ್ದು ಇಗ್ನೇಷಿಯಸ್ ಲೊಯೊಲಾ ಹೇಳಿಕೊಟ್ಟ ಒಂದು ಅಭ್ಯಾಸ. ನಾನು ಬೆಳೆದ ಸಭೆಯಲ್ಲಿ ಕ್ಯಾಥೊಲಿಕ್ ಸಂತರ ಹೆಸರು ಅಷ್ಟಾಗಿ ಬರುವುದಿಲ್ಲ. ಆದರೆ ಈತ ಮೊದಲು ಸೈನಿಕ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಗುಂಡು ಬಡಿದು ಕಾಲು ಮುರಿದುಕೊಂಡ ಮೇಲೆ ದೇವರ ಕಡೆ ತಿರುಗಿದವನು. ಹಾಗಾಗಿಯೋ ಏನೋ, ಅವನ ವಿಧಾನದಲ್ಲಿ ಕವಾಯತಿನ ಶಿಸ್ತಿದೆ. ಎಲ್ಲಾ ಪಾಪಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡ, ಒಂದನ್ನು ಆರಿಸಿಕೊ ಎನ್ನುತ್ತಾನೆ. ದಿನಕ್ಕೆ ಎರಡು ಗೆರೆ ಎಳೆ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಕೂತು, ಎಷ್ಟು ಸಲ ಎಡವಿದೆಯೋ ಅಷ್ಟು ಚುಕ್ಕಿ ಇಡು. ಎಡವಿದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊ, ಜನರ ನಡುವೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಆರಿಸಿಕೊಂಡದ್ದು ಸಣ್ಣ ಸುಳ್ಳು. ಮೊದಲ ದಿನ ಮಧ್ಯಾಹ್ನದೊಳಗೆ ಏಳು ಚುಕ್ಕಿ! "ದಾರೀಲಿದ್ದೀನಿ" ಅಂದಾಗ ಇನ್ನೂ ಚಪ್ಪಲಿ ಹಾಕಿರಲಿಲ್ಲ. "ನಿಮ್ಮ ಮೆಸೇಜ್ ಈಗ ನೋಡಿದೆ" ಅಂದದ್ದು ಹಿಂದಿನ ರಾತ್ರಿ ನೋಡಿದ ಮೆಸೇಜಿಗೆ. "ನಿಜ ಹೇಳ್ಬೇಕಂದ್ರೆ" ಅಂತ ಶುರು ಮಾಡಿದ ಮಾತುಗಳಲ್ಲಿ ಅರ್ಧ ನಿಜವಾಗಿರಲಿಲ್ಲ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ಕ್ರೈಸ್ತರು ಕೋರ್ಟಿನಲ್ಲಿ ಆಣೆ ಇಡಲು ಒಪ್ಪದೆ ಜೈಲಿಗೆ ಹೋಗುತ್ತಿದ್ದರು. ಆಣೆ ಇಟ್ಟಾಗ ಮಾತ್ರ ಸತ್ಯ ಅಂದರೆ ಉಳಿದ ಹೊತ್ತು ಹೇಳುವುದೇನು ಎನ್ನುವುದು ಅವರ ವಾದ. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ ಎಂದು ಯೇಸು ಹೇಳಿದ್ದನ್ನು ಅವರು ಹಾಗೇ ತೆಗೆದುಕೊಂಡರು. ಆ "ನಿಜ ಹೇಳ್ಬೇಕಂದ್ರೆ" ನನ್ನ ಆಣೆಯಾಗಿತ್ತು. ಅದನ್ನು ಬಿಟ್ಟೆ. ಬಿಟ್ಟ ಮೇಲೆ ಮಾತು ಎಷ್ಟು ಬೆತ್ತಲೆ ಅನಿಸುತ್ತದೆ ಗೊತ್ತಾ?

ಚುಕ್ಕಿಗಳ ರಾಶಿಯಲ್ಲಿ ದೊಡ್ಡ ಪಾಲು ಎಲ್ಲಿಂದ ಬಂತು ಹೇಳಲಾ? ಸಭೆಯಿಂದ. "ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ." ಕ್ರೈಸ್ತರಾದ ನಾವು ಇದಕ್ಕಿಂತ ಜಾಸ್ತಿ ಸಲ ಹೇಳುವ ಸುಳ್ಳು ಇನ್ನೊಂದಿಲ್ಲ ಅನಿಸುತ್ತದೆ. ಯಾರೋ ಕಷ್ಟ ಹೇಳಿಕೊಳ್ಳುತ್ತಾರೆ, ಮಾತು ಮುಗಿಸಲು ನಮಗೊಂದು ವಾಕ್ಯ ಬೇಕು. ಹೇಳುತ್ತೇವೆ, ಬಾಗಿಲು ದಾಟುವಷ್ಟರಲ್ಲಿ ಮರೆಯುತ್ತೇವೆ. ಒಮ್ಮೆ ಒಬ್ಬರು ಬಂದು ನನ್ನ ಎರಡೂ ಕೈ ಹಿಡಿದು, "ನಿಮ್ಮ ಪ್ರಾರ್ಥನೆಯಿಂದಾನೇ ಮಗಳ ಆಪರೇಷನ್ ಚೆನ್ನಾಗಾಯ್ತು" ಅಂದರು. ಯಾವ ಆಪರೇಷನ್ ಅಂತ ನನಗೆ ತಕ್ಷಣ ಹೊಳೆಯಲೇ ಇಲ್ಲ. ಎದೆಯ ಮೇಲೆ ಕೈ ಇಡೋಣವೆಂದರೆ ಎರಡೂ ಕೈ ಅವರ ಕೈಯಲ್ಲಿ. ಅವತ್ತಿನಿಂದ ನಿಂತಲ್ಲೇ ಪ್ರಾರ್ಥನೆ. ಕಾರಿಡಾರಿರಲಿ, ಫೋನಿರಲಿ, "ಈಗಲೇ ಮಾಡೋಣ್ವಾ?" ಅಂತ ಕೇಳುತ್ತೇನೆ. ಎರಡು ಮಾತು ಸಾಕು. ಆಗದಿದ್ದರೆ "ಕೇಳಿ ಬೇಜಾರಾಯ್ತು" ಅಂತಷ್ಟೇ ಹೇಳುತ್ತೇನೆ, ಮಾತು ಕೊಡುವುದಿಲ್ಲ.

ಸಾಕ್ಷಿ ಹೇಳುವುದರಲ್ಲೂ ಇದೇ ಕಥೆ. ಬಿಲ್ಲಿನ ವಿಷಯವನ್ನು ಪ್ರಾರ್ಥನಾ ಕೂಟದಲ್ಲಿ ಹೇಳಲು ಕೇಳಿಕೊಂಡರು. ಹೇಳುವಾಗ ಎರಡು ವರ್ಷ ಮೂರಾಯಿತು, ಅಳು ಬಂತು ಅಂದೆ. ಬಂದಿರಲಿಲ್ಲ. ಪ್ರಾಮಾಣಿಕತೆಯ ಸಾಕ್ಷಿಗೇ ಮಸಾಲೆ! ಹೊಲ ಮಾರಿದ ಹಣದಲ್ಲಿ ಒಂದಿಷ್ಟು ಇಟ್ಟುಕೊಂಡು, ಪೂರ್ತಿ ತಂದೆವೆಂದು ಸಭೆಗೆ ಕೊಟ್ಟ ಗಂಡ ಹೆಂಡತಿ ಅನನೀಯ, ಸಪ್ಫೈರರ ಕಥೆ ಬೈಬಲಿನಲ್ಲಿದೆ. ಅದನ್ನು ಹಣ ಬಚ್ಚಿಟ್ಟವರ ಕಥೆ ಅಂದುಕೊಂಡಿದ್ದೆ. ಮತ್ತೆ ಓದಿದರೆ ಯೇಸುವಿನ ಶಿಷ್ಯ ಪೇತ್ರ ಸ್ಪಷ್ಟವಾಗಿ ಹೇಳುತ್ತಾನೆ: ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು. ಅರ್ಧ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪೂರ್ತಿ ಕೊಟ್ಟವರ ಹಾಗೆ ಕಾಣಬೇಕಿತ್ತು ಅವರಿಗೆ. ಮುಂದಿನ ವಾರ ಕೂಟದಲ್ಲಿ ಎದ್ದು, ಎರಡೇ ವರ್ಷ, ಅತ್ತಿರಲಿಲ್ಲ ಅಂದೆ. ಒಂದಿಬ್ಬರು ನಕ್ಕರು. ಕೂತುಕೊಂಡೆ.

ಇನ್ನೊಂದು ಪರೀಕ್ಷೆಯನ್ನು ಧರ್ಮೋಪದೇಶಕಾಂಡದಿಂದ ತೆಗೆದುಕೊಂಡೆ. ಆಗಿನ ವ್ಯಾಪಾರಿಗಳು ತೂಕದ ಕಲ್ಲುಗಳನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಯೆಹೂದ ಸೀಮೆಯಲ್ಲಿ ಅಂಥ ಸುಣ್ಣಕಲ್ಲಿನ ಗುಂಡುಗಳು ಅಗೆತದಲ್ಲಿ ಸಿಕ್ಕಿವೆ. ಒಂದು ಶೆಕೆಲ್ ಅಂದರೆ ಸುಮಾರು 11 ಗ್ರಾಂ. ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ಕಣ್ಣಿಗೆ ಗೊತ್ತಾಗುತ್ತದಾ? ಕೊಳ್ಳುವಾಗ ದಪ್ಪ ಕಲ್ಲು, ಮಾರುವಾಗ ಸಣ್ಣ ಕಲ್ಲು. ಚೀಲದಲ್ಲಿ ಎರಡು ಬಗೆಯ ಕಲ್ಲು ಇರಲೇಬಾರದು ಎನ್ನುತ್ತದೆ ವಾಕ್ಯ. ನನ್ನ ಚೀಲ ತಡಕಿದೆ. ಜೊತೆಯವಳು ತಡವಾಗಿ ಬಂದರೆ ಸೋಮಾರಿ, ನಾನು ತಡವಾದರೆ ಬಸ್ಸು ಸಿಗಲಿಲ್ಲ. ಅವರ ಮಗ ಫೇಲಾದರೆ ಶಿಸ್ತಿಲ್ಲ, ನನ್ನ ಮಗನಿಗೆ ಪ್ರಶ್ನೆಪತ್ರಿಕೆ ಕಷ್ಟ ಇತ್ತು. ಸುಳ್ಳು ಅಂತ ಯಾವುದೂ ಅಲ್ಲ. ಕಲ್ಲು ಬೇರೆ, ಅಷ್ಟೇ. ಇದಕ್ಕೆ ಚುಕ್ಕಿ ಇಡುವುದು ಇವತ್ತಿಗೂ ನನಗೆ ಸರಿಯಾಗಿ ಬಂದಿಲ್ಲ. ಕಲ್ಲು ಬದಲಾಯಿಸುವಾಗ ಕೈಗೇ ಗೊತ್ತಾಗುವುದಿಲ್ಲ.

ಈ ಹುಮ್ಮಸ್ಸಿನಲ್ಲಿ ಒಂದು ಕೆಟ್ಟ ಕಾಲವೂ ಬಂತು. ಸತ್ಯ ಹೇಳುತ್ತೇನೆ ಅಂತ ಕಂಡಕಂಡವರಿಗೆ ಹೇಳತೊಡಗಿದೆ. ಗಾಯಕರ ಗುಂಪಿನಲ್ಲಿದ್ದ ಒಬ್ಬ ಹಿರಿಯರಿಗೆ "ಆಂಟಿ, ನಿಮ್ಮ ಶ್ರುತಿ ತಪ್ತಾ ಇರುತ್ತೆ" ಅಂದೆ. ಅವರು ಕೇಳಿರಲಿಲ್ಲ, ನಾನು ಸುಮ್ನೆ ಇರಬಹುದಿತ್ತು. ಮುಂದಿನ ವಾರ ಅವರು ಹಾಡಲು ಬರಲಿಲ್ಲ. ಮನೆಯಲ್ಲೂ ಹೀಗೇ. ಒಂದು ರಾತ್ರಿ ಚುಕ್ಕಿ ಇಡುತ್ತಾ ಕೂತಿದ್ದಾಗ ನಮ್ಮನೆಯವರು, "ನಿನ್ನ ಪುಸ್ತಕದಲ್ಲಿ ನಮ್ಮ ಹತ್ರ ಸಿಡುಕಿದ್ದಕ್ಕೆ ಗೆರೆ ಇದ್ಯಾ?" ಎಂದು ಕೇಳಿದರು. ಇರಲಿಲ್ಲ. ಒಂದೇ ತಪ್ಪನ್ನು ಹಿಡಿ ಅಂದ ಇಗ್ನೇಷಿಯಸನ ಹಿಂದೆ ನಾನು ಉಳಿದದ್ದನ್ನೆಲ್ಲ ಬಚ್ಚಿಟ್ಟಿದ್ದೆ. ಬೈಬಲ್ ಯೋಬನನ್ನು ನಿರ್ದೋಷಿ ಎನ್ನುವಾಗ ಹೀಬ್ರೂವಿನಲ್ಲಿರುವ ಪದ 'ತಾಮ್'. ಇಡಿಯಾದದ್ದು, ಒಡಕಿಲ್ಲದ್ದು ಎಂಬ ಅರ್ಥ ಅದಕ್ಕಿದೆ. ನಾನು ಒಂದು ಚೂರನ್ನು ಮಾತ್ರ ತಿಕ್ಕಿ ತಿಕ್ಕಿ ಹೊಳೆಸುತ್ತಿದ್ದೆ. ಆ ಆಂಟಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ವಾಪಸ್ ಬಂದರು. ಶ್ರುತಿ ಈಗಲೂ ತಪ್ಪುತ್ತದೆ.

ಎಲ್ಲಕ್ಕಿಂತ ಹಳೆಯ ಬಾಕಿ ಒಂದಿತ್ತು. ಅದಕ್ಕೆ ಕೈ ಹಾಕಲು ಮೂರು ವರ್ಷ ಬೇಕಾಯಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಫೈಲನ್ನು ನಾನು ತಪ್ಪಾಗಿ ಕಳಿಸಿದ್ದೆ. ಬೈಗುಳ ತಿಂದದ್ದು ಪಕ್ಕದ ಸೀಟಿನವಳು. ಅವಳ ಬಡ್ತಿ ಆ ವರ್ಷ ನಿಂತಿತು. ನಾನು ಬಾಯಿ ಬಿಡಲಿಲ್ಲ. ಸುಳ್ಳೂ ಹೇಳಲಿಲ್ಲ, ಯಾರೂ ನನ್ನನ್ನು ಕೇಳಿರಲಿಲ್ಲವಲ್ಲ. ಆಮೇಲೆ ಅವಳಿಗೆ ಬೇರೆ ಕಡೆ ವರ್ಗವಾಯಿತು. ಅವಳ ಹೆಸರು ಯಾರಾದರೂ ಎತ್ತಿದರೆ ನಾನು ಮಾತು ಬದಲಿಸುತ್ತಿದ್ದೆ.

ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಎನ್ನುತ್ತಾನೆ ಯೇಸು, ಮತ್ತಾಯ 5ರಲ್ಲಿ. ನಿನಗೆ ಅವನ ಮೇಲೆ ಅಲ್ಲ, ಅವನಿಗೆ ನಿನ್ನ ಮೇಲೆ. ಈ ಮಾತನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಕಡಿಮೆ ಅಂದರೂ ಮೂರು ದಿನದ ನಡಿಗೆ. ಪ್ರಾಣಿಯನ್ನು ವೇದಿಯ ಮುಂದೆ ಕಟ್ಟಿಹಾಕಿ, ಮೂರು ದಿನ ನಡೆದು ಊರಿಗೆ ಹೋಗಿ, ರಾಜಿಯಾಗಿ, ಮತ್ತೆ ಮೂರು ದಿನ ನಡೆದು ಬಾ ಅಂದ ಹಾಗೆ. ಕೇಳಿದವರು ನಕ್ಕಿರಬೇಕು. ನನಗೆ ಬೇಕಿದ್ದದ್ದು ಒಂದು ಫೋನ್ ನಂಬರ್ ಅಷ್ಟೇ.

ಫೋನಿನಲ್ಲಿ ಹೇಳಬಾರದು ಅನಿಸಿತು, ಹುಡುಕಿಕೊಂಡು ಹೋದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. "ಆಗ ನಾನು ಚಿಕ್ಕವಳು, ಭಯ ಇತ್ತು" ಅನ್ನುವ ಸಾಲನ್ನು ದಾರಿಯಲ್ಲಿ ಹೊಡೆದುಹಾಕಿದೆ. ನಿಜವೇ, ಆದರೆ ಅದು ನನ್ನ ಪರ ವಕೀಲಿ. ಅವಳು ಪೂರ್ತಿ ಕೇಳಿಸಿಕೊಂಡಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ನಂಗೊತ್ತಿತ್ತು" ಅಂದಳು.

ನನಗೆ ಮಾತು ಹೊರಡಲಿಲ್ಲ.

"ಅವತ್ತೇ ಗೊತ್ತಿತ್ತು. ನೀನೇ ಹೇಳ್ತೀಯಾ ಅಂತ ಕಾದೆ. ಚರ್ಚಿಗೆ ಹೋಗೋಳು, ಹೇಳ್ತಾಳೆ ಅಂತ."

ಆಫೀಸಿಗೆ ಬರೆದುಕೊಡಲಾ ಎಂದು ಕೇಳಿದೆ. ಈಗ ಏನು ಪ್ರಯೋಜನ ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬರಿ. ನನ್ನ ಫೈಲಲ್ಲಿ ಇರ್ಲಿ" ಅಂದಳು. ಬರೆದೆ. ಎರಡೇ ಪ್ಯಾರಾ. ಒಂದು ಪ್ರತಿ ಅವಳಿಗೂ ಕಳಿಸಿದೆ. ನಿಂತುಹೋದ ಬಡ್ತಿಯ ವರ್ಷಕ್ಕೆ ಐದನೇ ಒಂದು ಪಾಲು ಸೇರಿಸಿ ಕೊಡುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಅವಳು ಕ್ಷಮಿಸಿದ್ದೇನೆ ಅಂತ ಹೇಳಿಲ್ಲ. ಹೋದ ತಿಂಗಳು ಯಾರದ್ದೋ ಮದುವೆಯಲ್ಲಿ ಸಿಕ್ಕಳು. ಹೇಗಿದ್ದೀಯಾ ಎಂದು ಕೇಳಿದಳು. ಚೆನ್ನಾಗಿದ್ದೀನಿ ಅಂದೆ. ಮೊಣಕಾಲು ನೋವು ಶುರುವಾಗಿತ್ತು, ಅದನ್ನೂ ಹೇಳಿದೆ. ಅವಳು ಒಂದು ಕುರ್ಚಿ ಎಳೆದು ನನ್ನ ಕಡೆ ತಳ್ಳಿ, ಬೇರೆಯವರ ಜೊತೆ ಮಾತಾಡಲು ಹೋದಳು.