ನಿದ್ರೆ ಪರೀಕ್ಷೆಗೆ ಮುನ್ನ ಪಾಲಿಸಿ ತೆರೆದು ನೋಡಿ

ಅಪ್ಪನ ಗೊರಕೆ ನಡುನಡುವೆ ನಿಂತು ಉಸಿರೇ ಕಟ್ಟಿದಂತಾಗುತ್ತಿತ್ತು. ವೈದ್ಯರು ಸ್ಲೀಪ್ ಸ್ಟಡಿ ಬರೆದುಕೊಟ್ಟರು. ರಾತ್ರಿ ಒಂಬತ್ತಕ್ಕೆ ಆಸ್ಪತ್ರೆಗೆ ಹೋದರೆ ತಲೆಗೆ, ಎದೆಗೆ, ಕಾಲಿಗೆ ವೈರು ಅಂಟಿಸಿ ಮಲಗಿಸಿದರು. ಬೆಳಿಗ್ಗೆ ಕೂದಲಿಗೆ ಮೆತ್ತಿದ್ದ ಪೇಸ್ಟ್ ಒರೆಸಿಕೊಂಡೇ ಮನೆಗೆ ಬಂದರು. ಬಿಲ್ಲಿನಲ್ಲಿ ರೂಮ್ ಬಾಡಿಗೆಯೂ ಇತ್ತು. ಆಮೇಲೆ ವಿಮಾ ಕಂಪನಿಯ ಪತ್ರ ಬಂತು: ಬರೀ ತಪಾಸಣೆಗೆ ದಾಖಲಾದದ್ದು, ಕ್ಲೇಮ್ ಕೊಡಲಾಗದು.

ನಮ್ಮ ಆರೋಗ್ಯ ವಿಮೆಗಳಲ್ಲಿ ತಪಾಸಣೆಗೆಂದೇ ದಾಖಲಾದರೆ ಹಣ ಸಿಗದು ಎಂಬ ಷರತ್ತು ಸಾಮಾನ್ಯ. ಒಳರೋಗಿ ಎನಿಸಿಕೊಳ್ಳಲು ಸಾಮಾನ್ಯವಾಗಿ 24 ಗಂಟೆ ಬೇಕು. ಹಾಗಾಗಿ ಮೊದಲ ಕೆಲಸ, ಪಾಲಿಸಿಯಲ್ಲಿ ಒಪಿಡಿ ಕವರ್, ಅಂದರೆ ದಾಖಲಾಗದೆ ಮಾಡಿಸಿದ ಚಿಕಿತ್ಸೆ, ತಪಾಸಣೆಗಳ ಖರ್ಚಿಗೂ ವಿಮೆ, ಇದೆಯೇ ಎಂದು ನೋಡುವುದು. ಏಜೆಂಟರ ಬಾಯಿಮಾತು ಸಾಲದು. ‘ಪಾಲಿಸೋಮ್ನೋಗ್ರಫಿ’ (ಸ್ಲೀಪ್ ಸ್ಟಡಿಯ ವೈದ್ಯಕೀಯ ಹೆಸರು) ಎಂದು ಹೆಸರು ಹಾಕಿ ಕಂಪನಿಗೆ ಇಮೇಲ್ ಕಳಿಸಿ, ಉತ್ತರ ಇಟ್ಟುಕೊಳ್ಳಿ.

ವೈದ್ಯರ ಚೀಟಿಯಲ್ಲಿ ಪರೀಕ್ಷೆಯ ಹೆಸರಷ್ಟೇ ಬೇಡ. ಹಗಲು ತೂಕಡಿಕೆ, ಉಸಿರು ನಿಲ್ಲುವುದು, ಬಿಪಿ ಇದ್ದರೆ ಅದೂ ಇರಲಿ.

ಆಸ್ಪತ್ರೆಯಲ್ಲಿ ಅಂದಾಜು ಬಿಲ್ ಕೇಳುವಾಗ ಒಂದು ವಿಷಯ ಬಿಡಬೇಡಿ. ಮಲಗಿದಾಗ ಮಾಸ್ಕ್ ಮೂಲಕ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರದ ಒತ್ತಡ ಹೊಂದಿಸುವುದು ಅದೇ ರಾತ್ರಿಯೋ, ಇನ್ನೊಂದು ರಾತ್ರಿಯೋ? ಇನ್ನೊಂದು ರಾತ್ರಿಯಾದರೆ ಇನ್ನೊಂದು ಬಿಲ್. ಮನೆಯಲ್ಲೇ ಮಾಡುವ ಸರಳ ಪರೀಕ್ಷೆ ಸಾಕಾಗುತ್ತದೆಯೇ ಎಂದೂ ವೈದ್ಯರನ್ನು ಕೇಳಿ. ಯಂತ್ರದ ಬೆಲೆಯನ್ನು ಬಹಳಷ್ಟು ಪಾಲಿಸಿಗಳು ಕೊಡುವುದಿಲ್ಲ.

‘24 ಗಂಟೆ ಅಡ್ಮಿಟ್ ಅಂತ ತೋರಿಸಿಬಿಡೋಣ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಸುಳ್ಳು ಕ್ಲೇಮ್ ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು.

ಆದರೆ ನೇರ ದಾರಿಯೊಂದು ಇದೆ. ಪರೀಕ್ಷೆಯಾದ ಮೇಲೆ ಅದೇ ಕಾಯಿಲೆಗೆ ಆಪರೇಷನ್ ಆಗಿ, ಅದಕ್ಕೆ ವಿಮೆ ಸಿಕ್ಕರೆ, ಅದಕ್ಕೆ ಹಿಂದಿನ 30 ಅಥವಾ 60 ದಿನಗಳ ತಪಾಸಣೆ ಖರ್ಚನ್ನೂ ಪಾಲಿಸಿಯಂತೆ ಕೇಳಬಹುದು. ಅದಕ್ಕೇ ಮೂಲ ಬಿಲ್, ರಸೀದಿ, ವರದಿ ಜೋಪಾನ.

ಹೊಸ ಪಾಲಿಸಿ ಕೊಳ್ಳುವಾಗ ವರದಿ ಮುಚ್ಚಿಡಬೇಡಿ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಅವಧಿ 2024ರ ನಿಯಮದಂತೆ ಹೆಚ್ಚೆಂದರೆ ಮೂರು ವರ್ಷ.

ಕ್ಲೇಮ್ ತಿರಸ್ಕಾರ ಅನ್ಯಾಯ ಎನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸಮಾಧಾನವಾಗದಿದ್ದರೆ, ಇಂಥ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಅಪ್ಪನ ವಿಷಯದಲ್ಲಿ ನಾವು ಅಲ್ಲಿಗೆ ಹೋಗಲಿಲ್ಲ. ಷರತ್ತು ಪಾಲಿಸಿಯಲ್ಲಿ ಸ್ಪಷ್ಟವಾಗಿಯೇ ಇತ್ತು, ನಾವು ಓದಿರಲಿಲ್ಲ.