ಹಳೆಯ ಆಂಪ್ಲಿಫೈಯರೋ ಹೊಸದೋ? ಸ್ವಿಚ್ ಒತ್ತುವ ಮುನ್ನ ಇಷ್ಟು ಮಾಡಿ

ಗಲ್ಫ್‌ನಲ್ಲಿದ್ದ ದೊಡ್ಡಪ್ಪ ಎಂದೋ ತಂದಿಟ್ಟ ಸೆಟ್ಟು ಅಟ್ಟದಿಂದ ಕೆಳಗಿಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಅದರ ಮುಖ ಒರೆಸುತ್ತಾರೆ, ಹೊಸದಾಗಿ ಕೊಂಡ ಸ್ಪೀಕರ್ ಜೋಡಿಸುತ್ತಾರೆ, ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಒತ್ತುತ್ತಾರೆ. ಡಯಲ್‌ನ ದೀಪ ಬೆಳಗುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆಯೂ ಬರುತ್ತದೆ. ಮಂಗಳೂರು, ಉಡುಪಿಯ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಾಲ್ಕು ದಶಕ ಉಳಿದ ಯಂತ್ರ ನಾಲ್ಕು ನಿಮಿಷದ ಆತುರಕ್ಕೆ ಬಲಿಯಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನು ಕೆಲವರು ಚೆನ್ನಾಗಿದ್ದ ಸೆಟ್ಟನ್ನು ಗುಜರಿಗೆ ಹಾಕಿ, ಮೈಮೇಲೆ ಸಾವಿರಾರು ವ್ಯಾಟ್ ಬರೆದುಕೊಂಡ ಪ್ಲಾಸ್ಟಿಕ್ ಡಬ್ಬಿ ತರುತ್ತಾರೆ. ಎರಡೂ ತಪ್ಪಬೇಕು ಎಂದೇ ಈ ಲೇಖನ.

ಮೊದಲು ತೀರ್ಮಾನ

ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ಮನೆಯಲ್ಲಿ ಗ್ರಾಮಫೋನ್ ತಟ್ಟೆ, ಯಕ್ಷಗಾನದ ಕ್ಯಾಸೆಟ್ಟು ಇವೆಯೇ? ಅರ್ಧ ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ಸರ್ಕ್ಯೂಟ್ ನಕ್ಷೆ ಓದಬಲ್ಲ ರಿಪೇರಿಯವರು ಇದ್ದಾರೆಯೇ? ಎರಡಕ್ಕೂ ಹೌದು ಎಂದಾದರೆ ಹಳೆಯದನ್ನು ನೋಡಿ. ಒಂದಕ್ಕೆ ಇಲ್ಲ ಎಂದಾದರೂ ಹೊಸದನ್ನೇ ಕೊಳ್ಳಿ. ಟಿವಿ ಮತ್ತು ಮೊಬೈಲ್ ಬಿಟ್ಟು ಬೇರೇನೂ ಕೇಳದ ಮನೆಗೆ ಹಳೆಯ ಆಂಪ್ಲಿಫೈಯರ್ ಬರಿಯ ಹೊರೆ.

ಹಳೆಯದರ ಪರವಾಗಿ ನ್ಯಾಯವಾದ ಕಾರಣಗಳಿವೆ. ತಟ್ಟೆಯ ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್; ಅದನ್ನು ಎತ್ತಿಕೊಡುವ ಫೋನೋ ವಿಭಾಗ ಅಂದಿನ ಬಹುತೇಕ ಎಲ್ಲ ಸೆಟ್ಟುಗಳಲ್ಲೂ ಇತ್ತು, ಇಂದಿನ ಅಗ್ಗದ ಸೆಟ್ಟುಗಳಲ್ಲಿ ಹುಡುಕಬೇಕು. ಇನ್ನೊಂದು, ವ್ಯಾಟ್ ಲೆಕ್ಕದ ಪ್ರಾಮಾಣಿಕತೆ. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಅಳೆದು ಜಾಹೀರುಪಡಿಸುವ ಬಗೆಗೆ ನಿಯಮ ತಂದಿತು. ಆ ಮಾರುಕಟ್ಟೆಗೆ ಸೆಟ್ಟು ಕಳುಹಿಸುತ್ತಿದ್ದ ಸಾನ್ಸೂಯಿ, ಪಯೊನೀರ್, ಮರಾಂಟ್ಜ್ ಕಂಪನಿಗಳ ಎಪ್ಪತ್ತರ ದಶಕದ ಕೊನೆಯ ಮಾದರಿಗಳಲ್ಲಿ 40 ವ್ಯಾಟ್ ಎಂದರೆ ನಿಜವಾಗಿಯೂ 40 ವ್ಯಾಟ್. ಅಷ್ಟು ಧಾರಾಳವಾಗಿ ಸಾಕು. 1978ರಲ್ಲಿ ಬಂದ ನ್ಯಾಡ್ 3020 ಬರೇ 20 ವ್ಯಾಟ್‌ನದು. ಜಗತ್ತಿನಾದ್ಯಂತ ಅದನ್ನು ಇಂದಿಗೂ ಜನ ಹುಡುಕಿಕೊಂಡು ಹೋಗುತ್ತಾರೆ.

ಹಿಂಬದಿ ಓದಿ

ಮುಂಭಾಗದ ಹೊಳಪು ಏನನ್ನೂ ಹೇಳುವುದಿಲ್ಲ. ಸೆಟ್ಟನ್ನು ತಿರುಗಿಸಿ ವೋಲ್ಟೇಜ್ ನೋಡಿ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಸೌದಿಯ ಮನೆಗಳಲ್ಲಿ ಹಿಂದೆ 127 ವೋಲ್ಟ್ ಇತ್ತು, ದುಬೈಯಲ್ಲಿ ನಮ್ಮಂತೆಯೇ. ಹಾಗಾಗಿ ಗಲ್ಫ್ ಸೆಟ್ಟುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಬದಲಿಸುವ ತಿರುಗುಗುಂಡಿ ಇರುತ್ತದೆ. ಅದು 220 ಅಥವಾ 240ರಲ್ಲಿ ಇದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ, ಮಾರುವವರ ಮಾತು ಸಾಲದು. ಬರೀ 100 ವೋಲ್ಟ್ ಎಂದಿದ್ದರೆ ಅದು ಜಪಾನಿನವರಿಗೆಂದೇ ಮಾಡಿದ ಸೆಟ್ಟು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದಾದರೂ ಅದರಲ್ಲಿ ರೇಡಿಯೋ ಇದ್ದರೆ ಪ್ರಯೋಜನವಿಲ್ಲ: ಅಲ್ಲಿನ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್‌ಗೆ ಮುಗಿಯುತ್ತಿತ್ತು, ನಮ್ಮ ಮಂಗಳೂರು ಆಕಾಶವಾಣಿ ಇರುವುದು 100.3ರಲ್ಲಿ.

ಮುಚ್ಚಳ ತೆಗೆಯದೆ ದುಡ್ಡು ಕೊಡಬೇಡಿ

"ಒಳಗೆ ಯಾರೂ ಕೈ ಹಾಕಿಲ್ಲ" ಎನ್ನುವುದನ್ನು ಮಾರುವವರು ದೊಡ್ಡ ಗುಣವೆಂಬಂತೆ ಹೇಳುತ್ತಾರೆ. ಅದರ ಅರ್ಥ ನಲವತ್ತು ವರ್ಷದ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗಗಳು, ಇನ್ನೂ ಅಲ್ಲೇ ಕುಳಿತಿವೆ ಎಂದು. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಒಳಗಿರುವುದು ದ್ರವ. ಬಿಸಿಗೆ ಅದು ಒಣಗುತ್ತದೆ. ನೆತ್ತಿ ಉಬ್ಬಿದ್ದರೆ, ಬುಡದಲ್ಲಿ ಕಂದು ಕಲೆ ಇದ್ದರೆ ಅದು ಹೋಯಿತೆಂದೇ ಲೆಕ್ಕ. ಉಬ್ಬದಿದ್ದರೂ ಒಣಗಿರಬಹುದು. ರಿಪೇರಿಯವರು ಬದಲಿಸುವಾಗ 105 ಡಿಗ್ರಿ ಬಿಸಿ ತಾಳುವುದನ್ನೇ ಹಾಕಿಸಿ, 85ರದು ಬೇಡ.

ಮುಚ್ಚಳ ತೆಗೆದಾಗ ಎಚ್ಚರ: ಪ್ಲಗ್ ಕಿತ್ತ ಮೇಲೂ ಎರಡು ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ನಿಂತಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಚಾಳಿ ಬಿಡಿ. 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಒಂದನ್ನು ಇಕ್ಕಳದಲ್ಲಿ ಹಿಡಿದು ಪ್ರತಿಯೊಂದರ ತುದಿಗಳಿಗೂ ಒಂದು ನಿಮಿಷ ತಾಗಿಸಿ, ಆಮೇಲೆ ಮೀಟರ್‌ನಲ್ಲಿ ಅಳೆದು ಖಚಿತಪಡಿಸಿಕೊಳ್ಳಿ. ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಸೆಟ್ಟಾದರೆ ಒಳಗೆ ಮುನ್ನೂರು ವೋಲ್ಟ್ ದಾಟಿರುತ್ತದೆ. ಅದನ್ನು ತಿಳಿದವರಿಗೇ ಬಿಡಿ.

ಕರಾವಳಿಯಲ್ಲಿ ಇನ್ನೂ ಮೂರು ನೋಡಲೇಬೇಕು. ಒಂದು, ಕಿಲುಬು. ಮಲ್ಪೆ, ಉಳ್ಳಾಲ, ಪಣಂಬೂರಿನಂಥ ಕಡಲ ಬದಿಯ ಮನೆಗಳಲ್ಲಿದ್ದ ಸೆಟ್ಟಿನಲ್ಲಿ ಉಪ್ಪುಗಾಳಿ ಸಾಕೆಟ್ಟು, ಸ್ವಿಚ್ಚುಗಳಿಗೆ ಹಸಿರು ಹಿಡಿಸಿರುತ್ತದೆ. ಎರಡು, ಅಂಟು. ಆ ಕಾಲದ ಜಪಾನಿ ಸೆಟ್ಟುಗಳಲ್ಲಿ ದೊಡ್ಡ ಬಿಡಿಭಾಗಗಳು ಅಲುಗದಂತೆ ಒಂದು ಬಗೆಯ ತಿಳಿಬಣ್ಣದ ಅಂಟು ಹಾಕುತ್ತಿದ್ದರು. ವರ್ಷಗಳು ಕಳೆದಂತೆ ಅದು ಕಡುಕಂದಾಗಿ, ತೇವ ಹೀರಿ, ಪಕ್ಕದ ರೆಸಿಸ್ಟರ್‌ನ ಕಾಲುಗಳನ್ನು ತಿನ್ನುತ್ತದೆ, ಕರೆಂಟನ್ನೂ ಹರಿಯಬಿಡುತ್ತದೆ. ನಮ್ಮ ಮಳೆಗಾಲದ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು. ಕಂದು ಅಂಟು ಕಂಡರೆ ಕೆರೆದು ತೆಗೆಸಿ. ಮೂರು, ಹಲ್ಲಿ. ಗಾಳಿಕಿಂಡಿಯಿಂದ ಒಳಹೊಕ್ಕು ಬೋರ್ಡಿನ ಮೇಲೆ ಸತ್ತುಬಿದ್ದ ಹಲ್ಲಿಯಿಂದ ಶಾರ್ಟ್ ಆಗುವುದು ಇಲ್ಲಿ ಅಪರೂಪವಲ್ಲ.

ಸದ್ದು ಹೆಚ್ಚಿಸುವ ಭಾಗವನ್ನೆಲ್ಲ ಒಂದರಲ್ಲೇ ಅಡಗಿಸಿದ, ಎಸ್‌ಟಿಕೆ ಎಂಬ ಹೆಸರಿನ ದಪ್ಪ ಕಪ್ಪು ಐಸಿ ಕಂಡರೆ ನಾನಂತೂ ಮುಚ್ಚಳ ಹಾಕಿ ಎದ್ದು ಬರುತ್ತೇನೆ. ಸಾನ್ಯೊ ಮಾಡುತ್ತಿದ್ದ ಆ ಹಳೆಯ ಐಸಿಗಳು ಈಗ ತಯಾರಾಗುತ್ತಿಲ್ಲ. ಮಾರುಕಟ್ಟೆಯಲ್ಲಿ ನಕಲಿಯೇ ಹೆಚ್ಚು. ಬಿಡಿ ಟ್ರಾನ್ಸಿಸ್ಟರ್ ಇರುವ ಸೆಟ್ಟನ್ನೇ ಆರಿಸಿ. 2000ರ ಆಸುಪಾಸಿನ ಹೋಮ್ ಥಿಯೇಟರ್ ಸೆಟ್ಟುಗಳೂ ಬೇಡ. ಆ ವರ್ಷಗಳಲ್ಲಿ ಕಳಪೆ ದ್ರವ ತುಂಬಿದ ಕೆಪಾಸಿಟರ್‌ಗಳು ಜಗತ್ತಿನ ಎಲೆಕ್ಟ್ರಾನಿಕ್ಸ್ ಸಾಮಾನುಗಳಲ್ಲೆಲ್ಲ ಸೇರಿಕೊಂಡಿದ್ದವು.

ಮೊದಲ ಸಲ ಕರೆಂಟು ಕೊಡುವುದು

ಹೆಚ್ಚಿನವರು ಕೆಡಿಸುವುದು ಇಲ್ಲೇ. ಬೇಕಾದದ್ದು ಸೀರೀಸ್ ಬಲ್ಬ್, ರಿಪೇರಿ ಅಂಗಡಿಗಳಲ್ಲಿ ಸದಾ ಇರುವಂಥದ್ದು. ಎಕ್ಸ್‌ಟೆನ್ಷನ್ ಬೋರ್ಡ್‌ನ ಫೇಸ್ ತಂತಿಯನ್ನು ಕತ್ತರಿಸಿ, ನಡುವೆ ಬಲ್ಬ್ ಹೋಲ್ಡರ್ ಸೇರಿಸಿದರೆ ಆಯಿತು. ವಯರಿಂಗ್ ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿಕೊಳ್ಳಿ. ಬಲ್ಬ್ ತಂತಿ ಉರಿಯುವ ಹಳೆಯ ಬಗೆಯದೇ ಆಗಬೇಕು: ಸಣ್ಣ ಸೆಟ್ಟಿಗೆ 60 ವ್ಯಾಟ್, ಭಾರದ ಸೆಟ್ಟಿಗೆ 100. ಎಲ್‌ಇಡಿ, ಸಿಎಫ್‌ಎಲ್ ನಡೆಯುವುದಿಲ್ಲ. ಸ್ಟೆಬಿಲೈಸರ್ ಇದಕ್ಕೆ ಬದಲಿಯಲ್ಲ. ಅದು ವೋಲ್ಟೇಜನ್ನು ಸರಿಪಡಿಸುತ್ತದೆಯೇ ಹೊರತು ಕರೆಂಟನ್ನು ತಡೆಯುವುದಿಲ್ಲ. ಆಂಪ್ಲಿಫೈಯರ್ ಒಳಗೆ ಶಾರ್ಟ್ ಇದ್ದರೂ 60 ವ್ಯಾಟ್ ಬಲ್ಬಿನ ಮೂಲಕ ಕಾಲು ಆಂಪಿಯರ್‌ಗಿಂತ ಸ್ವಲ್ಪವೇ ಹೆಚ್ಚು ಹರಿಯಬಹುದು. ಟ್ರಾನ್ಸಿಸ್ಟರ್ ಉಳಿಯುವುದು ಅದರಿಂದಲೇ.

ಸ್ಪೀಕರ್ ತಂತಿಗಳನ್ನು ಬಿಚ್ಚಿಡಿ. ವಾಲ್ಯೂಮ್ ಸೊನ್ನೆಗೆ ತನ್ನಿ. ಸ್ವಿಚ್ ಒತ್ತಿ ಬಲ್ಬನ್ನೇ ನೋಡುತ್ತಿರಿ. ಒಮ್ಮೆ ಜೋರಾಗಿ ಬೆಳಗಿ, ಕ್ಷಣದಲ್ಲಿ ಮಂಕಾಗಿ, ತಂತಿ ಕೆಂಪಗೆ ಕಂಡೂ ಕಾಣದಂತಾದರೆ ಶುಭಸೂಚನೆ. ಒಳಗಿನ ಕೆಪಾಸಿಟರ್‌ಗಳು ತುಂಬಿಕೊಂಡಿವೆ. ಬೆಳಕು ಕುಂದದೆ ಹಾಗೆಯೇ ನಿಂತರೆ ಕೂಡಲೇ ಆರಿಸಿ, ಸೆಟ್ಟನ್ನು ರಿಪೇರಿಯವರಲ್ಲಿಗೆ ಒಯ್ಯಿರಿ. ಮಂಕಾಗಿ ಮತ್ತೆ ನಿಧಾನವಾಗಿ ಬೆಳಗತೊಡಗಿದರೂ ಆರಿಸಬೇಕು. ಎಲ್ಲ ಸರಿಯಿದ್ದರೆ ಅರ್ಧ ಗಂಟೆ ಹಾಗೇ ಬಿಡಿ, ಪಕ್ಕದಲ್ಲೇ ಕುಳಿತಿರಿ.

ಆಮೇಲೆ ಬಲ್ಬ್ ತೆಗೆದು ನೇರ ಕರೆಂಟು ಕೊಡಿ. ರಿಲೇ ಇರುವ ಸೆಟ್ಟಾದರೆ ಕೆಲವು ಸೆಕೆಂಡಿನಲ್ಲಿ ಒಳಗಿನಿಂದ ಟಕ್ ಎಂಬ ಸದ್ದು ಬರಬೇಕು. ಅದು ಸ್ಪೀಕರನ್ನು ಕಾಯುವ ಆ ರಿಲೇ, ತಾನಾಗಿ ಕೂಡಿಕೊಳ್ಳುವ ಸ್ವಿಚ್. ಈಗ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು, ಒಂದೊಂದು ಚಾನೆಲ್‌ನ ಕೆಂಪು, ಕಪ್ಪು ಸ್ಪೀಕರ್ ತುದಿಗಳ ನಡುವೆ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. 100 ದಾಟಿದರೆ ರಿಪೇರಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಅಲ್ಲಿ ಸ್ಪೀಕರ್ ಜೋಡಿಸುವುದೆಂದರೆ ಅದರ ಕಾಯಿಲ್ ಸುಟ್ಟಂತೆಯೇ. ಒಂದು ಮೋಸಕ್ಕೆ ಬೀಳಬೇಡಿ: ಇರುವ ರಿಲೇ ಟಕ್ ಎನ್ನದಿದ್ದರೆ, ಅಥವಾ ಮುಂದಿನ ಸ್ಪೀಕರ್ ಸ್ವಿಚ್ ಆಫ್ ಇದ್ದರೆ, ತುದಿಗಳಿಗೆ ಒಳಗಿನ ಸಂಪರ್ಕವೇ ಇರುವುದಿಲ್ಲ. ಮೀಟರ್ ಸೊನ್ನೆ ತೋರಿಸುತ್ತದೆ, ನೀವು ಚೆನ್ನಾಗಿದೆ ಎಂದುಕೊಳ್ಳುತ್ತೀರಿ.

ಮೊದಲು ಜೋಡಿಸುವುದು ಹಾಳಾದರೂ ಬೇಸರವಿಲ್ಲದ 8 ಓಮ್ ಸ್ಪೀಕರ್ ಆಗಿರಲಿ.

ಕಿವಿಗೆ ಕೆಲಸ

ಚೆನ್ನಾಗಿ ಪರಿಚಯವಿರುವ ಯಕ್ಷಗಾನದ ಧ್ವನಿಮುದ್ರಣ ಹಾಕಿ. ಚೆಂಡೆಯ ಪೆಟ್ಟು ಹರಿತವಾಗಿ ಎದ್ದು ತಟ್ಟನೆ ನಿಲ್ಲಬೇಕು. ಅದು ಮೆತ್ತಗಾಗಿ, ಭಾಗವತರ ಸ್ವರವೂ ಅದರೊಡನೆ ಅದುರಿದರೆ ಪವರ್ ಸಪ್ಲೈ ಸೋತಿದೆ. ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಗುಂಯ್‌ಗುಡುತ್ತಿದ್ದರೆ ಅದೂ ಹೆಚ್ಚಾಗಿ ದೊಡ್ಡ ಕೆಪಾಸಿಟರ್‌ಗಳದ್ದೇ ದೂರು. ಸಣ್ಣ ಸದ್ದಿನಲ್ಲಿ ಒಂದು ಬದಿ ಮಾಯವಾಗಿ, ಜೋರು ಮಾಡಿದರೆ ಮರಳಿ ಬಂದರೆ ರಿಲೇಯ ಸಂಪರ್ಕ ಕಪ್ಪಾಗಿದೆ. ಬದಲಿಸಲು ದೊಡ್ಡ ಖರ್ಚಿಲ್ಲ, ಅದಕ್ಕಾಗಿ ಸೆಟ್ಟನ್ನು ತಿರಸ್ಕರಿಸಬೇಡಿ, ಬೆಲೆ ಇಳಿಸಿ ಕೇಳಿ. ವಾಲ್ಯೂಮ್ ತಿರುಗಿಸುವಾಗಿನ ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಇದೆ. ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ, ತೆಂಗಿನೆಣ್ಣೆ ಹಾಕಿದ ಸೆಟ್ಟುಗಳನ್ನೂ ಕಂಡಿದ್ದೇನೆ. ಎರಡು ವಾರ ಸುಮ್ಮನಿದ್ದು ಆಮೇಲೆ ಧೂಳು ಹಿಡಿದು ಎಲ್ಲವೂ ಕೆಡುತ್ತದೆ.

ಹೊಸದಾದರೆ

ಪಿಎಂಪಿಒ, ಅಂದರೆ ಕ್ಷಣಮಾತ್ರದ ಉಬ್ಬಿಸಿದ ವ್ಯಾಟ್, ಎಂಬ ನಾಲ್ಕಕ್ಷರ ಕಂಡಲ್ಲಿ ನಿಲ್ಲಬೇಡಿ. ಎಡೆಬಿಡದೆ ಕೊಡಬಲ್ಲ ಆರ್‌ಎಂಎಸ್ ವ್ಯಾಟ್ ಎಷ್ಟು, ಅದು ಎಷ್ಟು ಓಮ್‌ನ ಸ್ಪೀಕರಿಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಧ್ವನಿ ಕೆಡುವ ಪ್ರಮಾಣದಲ್ಲಿ) ಎಂದು ಬರೆದಿರಬೇಕು. ಡಿಸ್ಟಾರ್ಷನ್ 10 ಶೇಕಡಾ ಎಂದಿದ್ದರೆ ಆ ವ್ಯಾಟ್ ಅಂಕಿಗೆ ಬೆಲೆಯಿಲ್ಲ. ಅಡಾಪ್ಟರ್‌ನಲ್ಲಿ ನಡೆಯುವ ಸಣ್ಣ ಕ್ಲಾಸ್ ಡಿ (ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ನಡೆಸುವ ಹೊಸ ಬಗೆಯ) ಸೆಟ್ಟುಗಳಿಗೆ ನನ್ನದೊಂದು ಸುಲಭ ಲೆಕ್ಕವಿದೆ: ಅಡಾಪ್ಟರ್ ಮೇಲೆ ಬರೆದ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ. 24 ವೋಲ್ಟ್, 4 ಆಂಪಿಯರ್ ಎಂದರೆ ಒಟ್ಟು 96 ವ್ಯಾಟ್ ಒಳಹೋಗುತ್ತದೆ. ಅದರಿಂದ 300 ವ್ಯಾಟ್ ಹೊರಬರುವುದು ಸಾಧ್ಯವಿಲ್ಲ. ಹಾಗೆಂದು ಕ್ಲಾಸ್ ಡಿ ಕೆಟ್ಟದ್ದಲ್ಲ. ಬಿಸಿ ಕಡಿಮೆ, ಕರೆಂಟು ಕಡಿಮೆ, ನಮ್ಮ ಏಪ್ರಿಲ್ ಸೆಖೆಗೆ ಚೆನ್ನಾಗಿ ಒಗ್ಗುತ್ತದೆ. ಟಿವಿಗಾದರೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಒಂದೇ ತಂತಿಯಲ್ಲಿ ಸೆಟ್ಟಿಗೆ ತರುವ ಸಂಪರ್ಕ) ಇರುವುದನ್ನೇ ಕೊಳ್ಳಿ, ರಿಮೋಟ್ ಒಂದೇ ಸಾಕಾಗುತ್ತದೆ. ವಾರಂಟಿಯ ಸರ್ವಿಸ್ ಮಂಗಳೂರಿನಲ್ಲೇ ಇದೆಯೋ, ಬೆಂಗಳೂರಿಗೆ ಕಳುಹಿಸಬೇಕೋ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ.

ತಂದ ಮೇಲೆ

ಗಾಜಿನ ಶೋಕೇಸಿನೊಳಗೆ ಇಡಬೇಡಿ, ನಡೆಯುವಾಗ ಮೇಲೆ ಬಟ್ಟೆ ಹೊದಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆಯಾದರೂ ನಡೆಸಿ. ಅದರದೇ ಬಿಸಿಗೆ ಒಳಗಿನ ತೇವ ಆರುತ್ತದೆ. ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾದಾಗ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಿ, ಟಿವಿಗೆ ಹೋಗುವ ತಂತಿಯನ್ನೂ ಎಫ್‌ಎಂ ಆಂಟೆನಾ ತಂತಿಯನ್ನೂ ಕೀಳಿ. ಸಿಡಿಲು ಬರುವುದು ಕರೆಂಟಿನ ತಂತಿಯಲ್ಲಿ ಮಾತ್ರವಲ್ಲ.