ಗಿಡದ ಬುಡಕ್ಕೂ ಕುಂಟೆ ಬೇಕು

ನಮ್ಮ ಓಣಿಯಲ್ಲಿ ಈ ಬೇಸಿಗೆ ಮೂರು ಕ್ರಿಸ್‌ಮಸ್ ಗಿಡ ಒಣಗಿದವು. ನೀರಿಗೇನೂ ಕಮ್ಮಿ ಇರಲಿಲ್ಲ. ದಿನಾ ಪೈಪ್ ಹಿಡಿದು ನಿಲ್ಲುತ್ತಿದ್ದರು. ಒಣಗಿದ ಮೇಲೆ ನನ್ನ ಹತ್ತಿರ ಬರುತ್ತಾರೆ, ಯಾಕೆ ಅಂತ ಕೇಳೋಕೆ.

ಅದು ನಾರ್ಫೋಕ್ ಪೈನ್. ಪೆಸಿಫಿಕ್ ಸಮುದ್ರದ ದ್ವೀಪದ್ದು, ಅಲ್ಲಿ 50 ಮೀಟರ್ ಬೆಳೆಯುತ್ತದೆ. ಕಲಬುರಗಿಯ ಬಿಸಿಲು ಅದಕ್ಕೇನು ಗೊತ್ತು? ಬೀದರಿನ ಕೆಂಪು ಮಣ್ಣಲ್ಲಿ ನಮ್ಮಕ್ಕ ಸುಮ್ನೆ ಊರಿದ್ದೂ ಬಂತು. ನಮ್ಮದು ಕಪ್ಪು ಎರೆ ಭೂಮಿ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮರಂ ಅನ್ನೋ ಗರಸು ಮಣ್ಣು, ಕೆಂಪು ಮಣ್ಣು, ಹಳೇ ಗೊಬ್ಬರ ಸೇರಿಸಿ ದಿಬ್ಬ ಮಾಡಿ ನೆಡಿ. ಕರೆಂಟ್ ವಯರಿನ ಕೆಳಗೆ ಮಾತ್ರ ಬೇಡ.

ಬೇಸಿಗೆಯಲ್ಲಿ ದಿಬ್ಬದ ಸುತ್ತ ಎರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೀವು ಬಿಟ್ಟ ನೀರೆಲ್ಲ ಅದರೊಳಗೆ ಇಳಿದು ಹೋಗುತ್ತದೆ, ಬೇರಿಗೆ ಒಣಗಾಳಿಯೇ ಗತಿ. ನಮ್ಮಪ್ಪ ಕಳೆ ಇಲ್ಲದಿದ್ದರೂ ತೊಗರಿ ಸಾಲಿಗೆ ಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಮಾಡುತ್ತಿದ್ದ. ಯಾಕಪ್ಪ ಅಂದರೆ, "ಭೂಮಿ ಬಾಯಿ ಮುಚ್ಚಲಾಕ" ಅನ್ನುತ್ತಿದ್ದ. ನಾನೂ ಅದನ್ನೇ ಮಾಡುತ್ತೇನೆ. ನೀರು ಹಾಕಿ ಎರಡು ಮೂರು ದಿನ ಬಿಡಿ. ಮಣ್ಣು ಕೈಗೆ ಅಂಟಬಾರದು, ಗಟ್ಟಿ ಹೆಂಟೆಯೂ ಆಗಿರಬಾರದು. ಆಗ ಕಳೆ ತೆಗೆಯುವ ಕುರ್ಪಿಯಿಂದ ಎರಡು ಬೆರಳಿನಷ್ಟೇ ಕೆದಕಿ. ಜಾಸ್ತಿ ಇಳಿದರೆ ಬೇರು ಹರಿಯುತ್ತದೆ. ಸಣ್ಣ ಹೆಂಟೆಯನ್ನು ಅಂಗೈಯಲ್ಲಿ ತಿಕ್ಕಿ ಜೋಳದ ಹಿಟ್ಟಿನಂಗೆ ಮಾಡಿ ಬಿರುಕಿಗೆ ಉದುರಿಸಿ. ಒತ್ತಬೇಡಿ, ತಾನೇ ಇಳಿಯಲಿ. ಇಳಿದಷ್ಟೂ ಮತ್ತೆ ಹಾಕಿ. ಮೇಲೆ ತೊಗರಿ ಹೊಟ್ಟು ಹರಡಿ, ಕಾಂಡಕ್ಕೆ ತಾಗದಂತೆ. ಮುಂದಿನ ಸಲ ನೀರು ಹಾಕಿದಾಗ ಹೊಟ್ಟು ಸರಿಸಿ ಮತ್ತೆ ನೋಡಿ. "ಅತ್ತಿ, ಗಿಡಕ್ಕ ಪೌಡರ್ ಹಚ್ಚಲತ್ತೀರೇನು?" ಅಂತ ಸೊಸೆ ನಗುತ್ತಾಳೆ. ನಗಲಿ, ನನ್ನ ಗಿಡ ಹಸಿರಾಗಿದೆ.

ಸಣ್ಣ ಗಿಡಕ್ಕೆ ಪಡುವಣ ಬಿಸಿಲಿಗೆ ಹಳೇ ನೂಲಿನ ಸೀರೆ ಕಟ್ಟಿ. ಪಾಲಿಸ್ಟರ್ ಬೇಡ.

ಕತ್ತರಿಯನ್ನಂತೂ ಮುಟ್ಟಲೇಬೇಡಿ. ಕೆಳಗಿನ ಕೊಂಬೆ ಹೋದರೆ ಅಲ್ಲಿ ಇನ್ನೊಂದು ಬರುವುದಿಲ್ಲ. ತುದಿ ಹೋದರೆ ಅಂದವೇ ಹೋಯಿತು. ವಯರ್ ಎಳೆಯಲು ಬಂದ ಹುಡುಗನೊಬ್ಬ ನನ್ನ ಮೊದಲ ಗಿಡದ ತುದಿ ಮುರಿದ. ಅದೀಗ ಎರಡು ತುದಿ ಹೊಡೆದು ಕವೆಗೋಲಿನಂಗೆ ನಿಂತಿದೆ. ಈಗ ಏಣಿ ಹೊತ್ತು ಯಾರೇ ಬರಲಿ, ಕುರ್ಚಿ ಹಾಕಿಕೊಂಡು ಎರಡನೇ ಗಿಡದ ಹತ್ತಿರ ಕೂತುಬಿಡುತ್ತೇನೆ.